ಮನೆಯ ರಕ್ಷಣೆಗೆ ದೊಡ್ಡ ಕ್ಯಾಲಿಬರ್ ರಿವಾಲ್ವರ್ ಮತ್ತು ಗುಂಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಿವಾಲ್ವರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಕ್ಯಾಲಿಬರ್ ಬಗ್ಗೆ. ನಾನು ಮೊದಲು ಕೇಳುವುದು ಬೇರೆ ಎರಡು ಪ್ರಶ್ನೆ. ಅದನ್ನು ಎಲ್ಲಿ ಬೀಗ ಹಾಕಿ ಇಡುತ್ತೀರಿ? ಮೊದಲ ಗುಂಡು ಹೊಡೆದ ಮೇಲೆ ಎರಡನೆಯದನ್ನೂ ಅದೇ ಜಾಗಕ್ಕೆ ಹೊಡೆಯಲು ನಿಮ್ಮ ಕೈಗೆ ಆಗುತ್ತದಾ? ಇವೆರಡಕ್ಕೂ ಉತ್ತರ ಸಿಕ್ಕರೆ ಕ್ಯಾಲಿಬರ್ ಆರಿಸುವುದು ಕಷ್ಟವಲ್ಲ.

ಬಂದೂಕಿನ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ಕಡೆ ಇಲ್ಲಿ ಹೇಳಿರುವ ಕ್ಯಾಲಿಬರ್‌ಗಳನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತೆಯೇ ಇಲ್ಲ. ಲೈಸೆನ್ಸ್ ಏನು, ಯಾವ ಗುಂಡಿಗೆ ಅನುಮತಿ ಇದೆ, ಮನೆಯಲ್ಲಿ ಹೇಗೆ ಇಡಬೇಕು ಅನ್ನುವುದನ್ನು ನಿಮ್ಮ ಕಾನೂನಿನ ಪ್ರಕಾರ ತಿಳಿದುಕೊಂಡ ಮೇಲೆಯೇ ಮುಂದಿನದನ್ನು ಓದಿ.

ದೊಡ್ಡ ಕ್ಯಾಲಿಬರ್ ಅಂದರೆ ಯಾವುದು?

ಕ್ಯಾಲಿಬರ್ ಅಂದರೆ ಗುಂಡಿನ ಅಡ್ಡಳತೆ, ಇಂಚಿನ ಲೆಕ್ಕದಲ್ಲಿ. ಸಾಮಾನ್ಯವಾಗಿ .40 ಇಂಚಿನಿಂದ ಮೇಲಿನದ್ದನ್ನು ದೊಡ್ಡದು ಅನ್ನುತ್ತಾರೆ. .41 ಮ್ಯಾಗ್ನಮ್, .44 ಸ್ಪೆಷಲ್, .44 ಮ್ಯಾಗ್ನಮ್, .45 ಕೋಲ್ಟ್, .45 ಎಸಿಪಿ ಇವೆಲ್ಲ ಆ ಸಾಲಿಗೆ ಸೇರುತ್ತವೆ. .357 ಮ್ಯಾಗ್ನಮ್ ಅಳತೆಯಲ್ಲಿ ಮಧ್ಯಮ, ಆದರೆ ಶಕ್ತಿಯಲ್ಲಿ ದೊಡ್ಡವುಗಳ ಜೊತೆ ನಿಲ್ಲುತ್ತದೆ. ಮನೆಯ ರಕ್ಷಣೆಯ ಮಾತು ಬಂದಾಗ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ.

ಹೆಸರಿನಲ್ಲಿರುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. .38 ಸ್ಪೆಷಲ್ ಗುಂಡಿನ ನಿಜವಾದ ಅಡ್ಡಳತೆ .357 ಇಂಚು. .44ರ ಗುಂಡು ನಿಜಕ್ಕೂ .429 ಇಂಚು. ಈ ಮೊದಲನೇ ವಿಷಯ ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಪಿಸ್ತೂಲು ಬಿಟ್ಟು ರಿವಾಲ್ವರ್ ಯಾಕೆ?

ನೋಡಿದ ತಕ್ಷಣ ಅದರ ಸ್ಥಿತಿ ಗೊತ್ತಾಗುತ್ತದೆ. ಗುಂಡು ಕೂರುವ ತಿರುಗುವ ಉರುಳೆಯನ್ನು, ಅಂದರೆ ಸಿಲಿಂಡರ್ ಅನ್ನು, ಹೊರಗೆ ತೆಗೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಒಂದು ಗುಂಡು ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರೆ ಸಾಕು, ಮುಂದಿನ ಗುಂಡು, ಅದನ್ನು ಬಡಿಯುವ ಹ್ಯಾಮರ್ ಎದುರಿಗೆ ಬರುತ್ತದೆ. ಹಿಡಿತ ಸ್ವಲ್ಪ ಸಡಿಲವಾಗಿದ್ದರೂ ಮುಂದಿನ ಗುಂಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆ ಎಳೆಯುವಷ್ಟು ಕೈಬಲ ಇಲ್ಲದವರಿಗೂ ಇದು ಅನುಕೂಲ.

ಕೊರತೆಗಳೂ ಇವೆ. ಐದರಿಂದ ಎಂಟು ಗುಂಡು ಮಾತ್ರ ಹಿಡಿಸುತ್ತದೆ. ಒತ್ತಡದಲ್ಲಿ ಮತ್ತೆ ತುಂಬುವುದು ನಿಧಾನ. ಟ್ರಿಗರ್ ಗಟ್ಟಿ. ಇನ್ನು ರಿವಾಲ್ವರ್ ಯಾವತ್ತೂ ಕೆಡುವುದಿಲ್ಲ ಅನ್ನುವ ಮಾತು ಸುಳ್ಳು. ಕೆಡುವುದು ಕಡಿಮೆ. ಆದರೆ ಕೆಟ್ಟಾಗ ನಿಂತ ಜಾಗದಲ್ಲೇ ಸರಿಮಾಡಲು ಆಗುವುದು ಅಪರೂಪ.

ಹಾಗಾದರೆ ಯಾವ ಕ್ಯಾಲಿಬರ್ ತಗೊಳ್ಳಲಿ?

ಒಂದೇ ಉತ್ತರ ಬೇಕು ಅನ್ನುವವರಿಗೆ: .357 ಮ್ಯಾಗ್ನಮ್ ರಿವಾಲ್ವರ್, ನಾಲ್ಕು ಇಂಚಿನ ಬ್ಯಾರೆಲ್, ಪೂರ್ತಿ ಉಕ್ಕಿನದ್ದು, ಒಳಗೆ .38 ಸ್ಪೆಷಲ್ ಪ್ಲಸ್ ಪಿ, ಅಂದರೆ ಒತ್ತಡ ಸ್ವಲ್ಪ ಜಾಸ್ತಿ ಇರುವ ಗುಂಡು. ಇದು ಹಳೆಯ ಸಲಹೆ. ಇವತ್ತಿಗೂ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಕಾರಣ ಸರಳ. .38 ಸ್ಪೆಷಲ್ 1898ರಲ್ಲಿ ಬಂತು. 1935ರಲ್ಲಿ ಅದರದ್ದೇ ಖೋಕಾವನ್ನು, ಅಂದರೆ ಮದ್ದು ತುಂಬುವ ಲೋಹದ ಕವಚವನ್ನು, ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಒತ್ತಡ ಹೆಚ್ಚಿಸಿ .357 ಮ್ಯಾಗ್ನಮ್ ಮಾಡಿದರು. ಉದ್ದ ಜಾಸ್ತಿ ಮಾಡಿದ್ದೇ ಹಳೆಯ .38 ರಿವಾಲ್ವರ್‌ಗಳಲ್ಲಿ ಅದು ಹಿಡಿಸಬಾರದು ಅಂತ. ಆದ್ದರಿಂದ .357 ರಿವಾಲ್ವರ್‌ನಲ್ಲಿ ಎರಡೂ ಗುಂಡು ಹಾರಿಸಬಹುದು, .38ರಲ್ಲಿ ಮಾತ್ರ .357 ಹಾಕುವಂತಿಲ್ಲ. ಮೆತ್ತಗಿನ ಗುಂಡಿನಲ್ಲಿ ಕಲಿತು, ಕೈ ಪಳಗಿದ ಮೇಲೆ ಬೇಕಾದರೆ ಬಲವಾದದ್ದಕ್ಕೆ ಹೋಗಬಹುದು. ಮನೆಯಲ್ಲಿ ಇಬ್ಬರು ಬಳಸುವುದಾದರೆ, ಇಬ್ಬರಲ್ಲಿ ಯಾರ ಕೈ ಸಣ್ಣದೋ ಅವರಿಗೆ ಹೊಂದುವ ಗುಂಡನ್ನೇ ತುಂಬಿಡಬಹುದು.

ಶಕ್ತಿಯ ಲೆಕ್ಕ ಹೀಗಿದೆ. 158 ಗ್ರೇನ್ ತೂಕದ, ಅಂದರೆ ಸುಮಾರು 10 ಗ್ರಾಂನ ಸಾಮಾನ್ಯ .38 ಗುಂಡು ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 270 ಜೂಲ್ ಆಸುಪಾಸು. 125 ಗ್ರೇನ್‌ನ ಪೂರ್ತಿ ಬಲದ .357 ಗುಂಡು ಸೆಕೆಂಡಿಗೆ 440 ಮೀಟರ್, ಶಕ್ತಿ 780 ಜೂಲ್ ಸುಮಾರು. .44 ಸ್ಪೆಷಲ್ ಸುಮಾರು 420 ಜೂಲ್. .45 ಕೋಲ್ಟ್ 550 ಜೂಲ್ ಆಸುಪಾಸು. .44 ಮ್ಯಾಗ್ನಮ್ 1000ದಿಂದ 1300 ಜೂಲ್. ಈ ಶಕ್ತಿಯೆಲ್ಲ ಎದುರಿಗೆ ಹೋಗುವಾಗ ಅದರ ಒದೆತ ನಿಮ್ಮ ಮಣಿಕಟ್ಟಿಗೆ ಬರುತ್ತದೆ. ಕಾಗದದ ಮೇಲೆ ಮೂರು ಪಟ್ಟು ಶಕ್ತಿ ಅಂದರೆ ಕೈಯಲ್ಲಿ ಗುರಿ ಮತ್ತೆ ಸರಿಯಾಗಲು ಜಾಸ್ತಿ ಹೊತ್ತು.

.44ರ ಮೇಲೆ ಆಸೆ ಇದೆ. ತಪ್ಪಾ?

ತಪ್ಪೇನಿಲ್ಲ. .357ರ ವಿಷಯದಲ್ಲಿ ಹೇಳಿದ ಉಪಾಯ ಇಲ್ಲೂ ನಡೆಯುತ್ತದೆ. .44 ಮ್ಯಾಗ್ನಮ್ ರಿವಾಲ್ವರ್‌ನಲ್ಲಿ .44 ಸ್ಪೆಷಲ್ ಹಾರಿಸಬಹುದು. 1907ರ ಈ ಗುಂಡು ಭಾರ, ಅಗಲ ಮತ್ತು ನಿಧಾನ. ಭಾರದ ರಿವಾಲ್ವರ್‌ನಲ್ಲಿ ಹಾಕಿದರೆ ತಳ್ಳಿದ ಹಾಗೆ ಒದೆಯುತ್ತದೆ, ಹೊಡೆದ ಹಾಗಲ್ಲ. ದೊಡ್ಡ ಕ್ಯಾಲಿಬರ್ ಬೇಕೇ ಬೇಕು ಅನ್ನುವವರು ಮನೆಯಲ್ಲಿ ಇಡಬೇಕಾದ್ದು ಇದನ್ನೇ.

ಪೂರ್ತಿ ಬಲದ .44 ಮ್ಯಾಗ್ನಮ್ 1955ರಲ್ಲಿ ಬಂದದ್ದು ಬೇಟೆಗೆ. ಕಾಡಿನಲ್ಲಿ ಕರಡಿ ಎದುರಾಗುವ ಜಾಗದಲ್ಲಿ ಇವತ್ತಿಗೂ ಅದನ್ನು ಇಟ್ಟುಕೊಳ್ಳುತ್ತಾರೆ. ನಾಲ್ಕು ಗೋಡೆ ಒಳಗೆ, ರಾತ್ರಿ, ಕಿವಿಗೆ ಏನೂ ಇಲ್ಲದೆ ಅದನ್ನು ಹಾರಿಸುವುದು ಬೇರೆಯೇ ಮಾತು. ನನ್ನ ಸಲಹೆ ಬೇಡ ಅಂತಲೇ.

ಹಗುರದ .44ಗಳ ಬಗ್ಗೆ ಎಚ್ಚರ. ಸ್ಮಿತ್ ಆ್ಯಂಡ್ ವೆಸ್ಸನ್‌ನ ಮಾಡೆಲ್ 29 ಉಕ್ಕಿನದ್ದು, ಒಂದೂಕಾಲು ಕಿಲೋ ಮೇಲೆ. ಅದೇ ಕಂಪನಿಯ 329 ಪಿಡಿ ಹಗುರ ಲೋಹದ್ದು, ಮುಕ್ಕಾಲು ಕಿಲೋ ಕೂಡ ಇಲ್ಲ. ಗುಂಡು ಮಾತ್ರ ಒಂದೇ. ದಿನವಿಡೀ ಸೊಂಟದಲ್ಲಿ ಕಟ್ಟಿಕೊಂಡು ಗುಡ್ಡ ಹತ್ತುವವರಿಗೆ ಆ ಹಗುರ ಬೇಕು. ಮನೆಯ ಪೆಟ್ಟಿಗೆಯಲ್ಲಿ ಕೂರುವ ರಿವಾಲ್ವರ್‌ಗೆ ಅದರಿಂದ ಏನು ಲಾಭ?

.45 ಹೇಗೆ?

ಎರಡು .45ಗಳಿವೆ. .45 ಕೋಲ್ಟ್ 1873ರದ್ದು, ಒತ್ತಡ ಕಡಿಮೆ, ಹಿತವಾದ ಗುಂಡು. ಒಂದೇ ಅಪಾಯ ಅಂದರೆ ಮಾರುಕಟ್ಟೆಯಲ್ಲಿ ಇದೇ ಹೆಸರಿನಲ್ಲಿ ತುಂಬಾ ಬಲವಾದ ಬೇಟೆಯ ಗುಂಡುಗಳೂ ಸಿಗುತ್ತವೆ. ಅವು ಕೆಲವು ದಪ್ಪ ಫ್ರೇಮಿನ ರಿವಾಲ್ವರ್‌ಗಳಿಗೆ ಮಾತ್ರ. ಹಳೆಯ ಅಥವಾ ತೆಳು ಸಿಲಿಂಡರ್‌ನಲ್ಲಿ ಹಾಕಿದರೆ ಸಿಲಿಂಡರ್ ಸಿಡಿಯಬಹುದು. ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ತುಂಬಬೇಡಿ.

.45 ಎಸಿಪಿ ಪಿಸ್ತೂಲಿನ ಗುಂಡು. ಅದರ ಖೋಕಾಕ್ಕೆ ಹೊರಚಾಚಿದ ಅಂಚು ಇಲ್ಲ. ಹಾಗಾಗಿ ರಿವಾಲ್ವರ್‌ನಲ್ಲಿ ಮೂನ್ ಕ್ಲಿಪ್ ಅನ್ನುವ ತೆಳು ಉಕ್ಕಿನ ತಟ್ಟೆಗೆ ಸಿಕ್ಕಿಸಿ, ಆರನ್ನೂ ಒಟ್ಟಿಗೆ ಹಾಕುತ್ತಾರೆ. ಹೀಗೆ ತುಂಬುವುದು ತುಂಬಾ ಬೇಗ. ಕ್ಲಿಪ್ ಸ್ವಲ್ಪ ಬಗ್ಗಿದ್ದರೂ ಸಿಲಿಂಡರ್ ತಿರುಗಲು ಅಡ್ಡಿಯಾಗುತ್ತದೆ, ಅಷ್ಟು ನೋಡಿಕೊಳ್ಳಬೇಕು.

.500 ಮ್ಯಾಗ್ನಮ್?

ಬೇಡ. 2003ರಲ್ಲಿ ಬಂದ ಈ ಗುಂಡಿನ ಶಕ್ತಿ 3000 ಜೂಲ್ ದಾಟುತ್ತದೆ. ದೊಡ್ಡ ಪ್ರಾಣಿಗಳ ಬೇಟೆಗೆ ಮಾಡಿದ್ದು. .454 ಕಸೂಲ್, .460 ಕೂಡ ಹಾಗೆಯೇ.

ಚರೆ, ಅಂದರೆ ಸಣ್ಣ ಸೀಸದ ಕಾಳುಗಳನ್ನು ಹಾರಿಸುವ ರಿವಾಲ್ವರ್ ಇದ್ದರೆ ಗುರಿ ಇಡುವ ಕಷ್ಟವೇ ಇಲ್ಲ, ಅಲ್ವಾ?

ಟಾರಸ್ ಜಡ್ಜ್ ಥರದ, .410 ಚರೆ ತೋಟಾ ಮತ್ತು .45 ಕೋಲ್ಟ್ ಎರಡನ್ನೂ ನುಂಗುವ ರಿವಾಲ್ವರ್‌ಗಳ ಬಗ್ಗೆ ಈ ನಂಬಿಕೆ ಗಟ್ಟಿಯಾಗಿದೆ. ಕೋಣೆಯ ದೂರದಲ್ಲಿ ಅದು ನಿಜವಲ್ಲ. ಗುರಿ ಇಡಲೇಬೇಕು. ಬ್ಯಾರೆಲ್ ಒಳಗಿನ ತಿರುಚು ಗೆರೆಗಳು ಚರೆಯನ್ನು ಸುತ್ತಿಸುವುದರಿಂದ ಸ್ವಲ್ಪ ದೂರದಲ್ಲೇ ಅದು ಅಡ್ಡಾದಿಡ್ಡಿ ಚದುರುತ್ತದೆ. ಗುರಿ ತಪ್ಪಿದ ಪ್ರತಿ ಚರೆಗೂ ನೀವೇ ಜವಾಬ್ದಾರರು. ಹಕ್ಕಿ ಹೊಡೆಯುವ ಸಣ್ಣ ಚರೆ ಆಳಕ್ಕೆ ಹೋಗುವುದಿಲ್ಲ. ರಕ್ಷಣೆಗೆ ಅದನ್ನು ನಂಬಬೇಡಿ. ಇಂಥ ರಿವಾಲ್ವರ್ ಈಗಾಗಲೇ ಇದ್ದರೆ .45 ಕೋಲ್ಟ್ ತುಂಬಿಡಿ.

ಬ್ಯಾರೆಲ್ ಎಷ್ಟು ಉದ್ದ, ತೂಕ ಎಷ್ಟು ಇರಬೇಕು?

ನಾಲ್ಕು ಇಂಚು. ಮೂರು ಆದರೂ ಪರವಾಗಿಲ್ಲ. ಎರಡು ಇಂಚಿನದ್ದು ಬಚ್ಚಿಟ್ಟುಕೊಂಡು ಓಡಾಡುವವರಿಗೆ. ಅದರಲ್ಲಿ ಮ್ಯಾಗ್ನಮ್ ಹಾರಿಸಿದರೆ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಹೋಗುತ್ತದೆ. ಉಳಿದ ಮದ್ದು ಬಾಯಿಯ ಮುಂದೆ ಉರಿದು ಬೆಂಕಿಯ ಗೋಳವಾಗುತ್ತದೆ. ವೇಗ ಕಡಿಮೆ, ಸದ್ದು ಬೆಳಕು ಜಾಸ್ತಿ. ಆರು ಇಂಚಿನದ್ದು ಗುರಿಗೆ ಒಳ್ಳೆಯದು, ಆದರೆ ಬಾಗಿಲು, ಮೂಲೆ, ಇಕ್ಕಟ್ಟಿನ ಜಾಗದಲ್ಲಿ ಮುಂದೆ ಚಾಚಿಕೊಳ್ಳುತ್ತದೆ. ಯಾರಾದರೂ ಹಿಡಿದು ಎಳೆಯಲು ಸುಲಭ.

ತೂಕ ಒಂದು ಕಿಲೋ ಆಸುಪಾಸು ಇರಲಿ. ಸ್ಮಿತ್ ಆ್ಯಂಡ್ ವೆಸ್ಸನ್‌ನ 686, ರೂಗರ್‌ನ ಜಿಪಿ 100 ಈ ತೂಕದವು. ಇವೆರಡೂ ಹುಟ್ಟಿದ್ದರ ಹಿಂದೆ ಒಂದು ಪಾಠ ಇದೆ. 1955ರಲ್ಲಿ ಬಂದ, ಸ್ಮಿತ್ ಆ್ಯಂಡ್ ವೆಸ್ಸನ್‌ನದ್ದೇ ಮಾಡೆಲ್ 19 ಅನ್ನುವ ಚೆಂದದ .357 ರಿವಾಲ್ವರ್ ಹೊತ್ತುಕೊಳ್ಳಲು ಹಗುರವಾಗಿತ್ತು. .38ನಲ್ಲಿ ಅಭ್ಯಾಸ, ಅಪರೂಪಕ್ಕೆ .357 ಅನ್ನುವ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಆಮೇಲೆ ಪೊಲೀಸರು 125 ಗ್ರೇನ್‌ನ ಪೂರ್ತಿ ಬಲದ ಗುಂಡುಗಳನ್ನೇ ಸತತವಾಗಿ ಹಾರಿಸತೊಡಗಿದಾಗ, ಬ್ಯಾರೆಲ್‌ನ ಹಿಂಬದಿ ತುದಿ ಕೆಳಭಾಗದಲ್ಲಿ ತೆಳುವಾಗಿದ್ದ ಕಡೆ ಬಿರುಕು ಬಿಡತೊಡಗಿತು. 1980ರ ಸುಮಾರಿಗೆ ಅದಕ್ಕಿಂತ ದಪ್ಪದ ಎಲ್ ಫ್ರೇಮ್, ಅಂದರೆ 686ರ ಮೈಕಟ್ಟು ಬಂತು, 1985ರಲ್ಲಿ ಜಿಪಿ 100 ಬಂತು. ಮ್ಯಾಗ್ನಮ್ ಗುಂಡು ಕೈಯನ್ನಷ್ಟೇ ಅಲ್ಲ, ಉಕ್ಕನ್ನೂ ತಿನ್ನುತ್ತದೆ.

ಹಿಡಿ ಮತ್ತು ಟ್ರಿಗರ್ ಹೇಗೆ ನೋಡಬೇಕು?

ಖಾಲಿ ಇದೆ ಅಂತ ನೀವೇ ನೋಡಿ ಖಚಿತ ಮಾಡಿಕೊಂಡು ಕೈಯಲ್ಲಿ ಹಿಡಿಯಿರಿ. ಬ್ಯಾರೆಲ್ ಮುಂದೋಳಿನ ಜೊತೆ ಒಂದೇ ಗೆರೆಯಲ್ಲಿ ಇರಬೇಕು. ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಎಟುಕಬೇಕು. ಎಟುಕಲು ಕೈಯನ್ನು ಪಕ್ಕಕ್ಕೆ ತಿರುಗಿಸಬೇಕಾಯ್ತಾ? ಹಾಗಾದರೆ ಆ ಫ್ರೇಮ್ ನಿಮಗೆ ದೊಡ್ಡದು. ದೊಡ್ಡ .44 ಫ್ರೇಮ್‌ಗಳಲ್ಲಿ ಇದು ತುಂಬಾ ಜನರಿಗೆ ಆಗುತ್ತದೆ. ಹಿಡಿ ಬದಲಾಯಿಸಿ ಸ್ವಲ್ಪ ಸರಿಮಾಡಬಹುದು, ಪೂರ್ತಿ ಅಲ್ಲ. ಮರದ ಹಿಡಿ ನೋಡಲು ಚೆಂದ. ಒದೆತಕ್ಕೆ ರಬ್ಬರ್ ಹಿಡಿಯೇ ವಾಸಿ.

ಟ್ರಿಗರ್‌ನಲ್ಲಿ ಎರಡು ಬಗೆ ಇದೆ. ಸುಮ್ನೆ ಟ್ರಿಗರ್ ಎಳೆದರೆ ಹ್ಯಾಮರ್ ಹಿಂದಕ್ಕೆ ಹೋಗಿ ಬೀಳುವುದು ಡಬಲ್ ಆ್ಯಕ್ಷನ್. ಅದಕ್ಕೆ ನಾಲ್ಕೂವರೆಯಿಂದ ಐದೂವರೆ ಕಿಲೋ ಬಲ ಬೇಕು. ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದಿಟ್ಟು ಹೊಡೆಯುವುದು ಸಿಂಗಲ್ ಆ್ಯಕ್ಷನ್. ಅದಕ್ಕೆ ಒಂದೂವರೆ ಎರಡು ಕಿಲೋ ಸಾಕು.

ರಕ್ಷಣೆಗೆ ಡಬಲ್ ಆ್ಯಕ್ಷನ್ ಮಾತ್ರ. ಗಾಬರಿಯಲ್ಲಿ ಕೈ ನಡುಗುತ್ತದೆ. ಎಳೆದಿಟ್ಟ ಹ್ಯಾಮರ್, ಹಗುರ ಟ್ರಿಗರ್, ನಡುಗುವ ಬೆರಳು ಮೂರೂ ಸೇರಿದರೆ ಹೊಡೆಯಬೇಕು ಅಂತ ತೀರ್ಮಾನ ಮಾಡುವ ಮೊದಲೇ ಗುಂಡು ಹಾರಿರುತ್ತದೆ. ಅಪಾಯ ಮುಗಿದ ಮೇಲೆ ಆ ಹ್ಯಾಮರನ್ನು ಮೆಲ್ಲಗೆ ಇಳಿಸುವುದೂ ಸುಲಭವಲ್ಲ. ಡಬಲ್ ಆ್ಯಕ್ಷನ್‌ನ ಗಟ್ಟಿ ಟ್ರಿಗರ್ ಅಭ್ಯಾಸಕ್ಕೆ ಬಗ್ಗುತ್ತದೆ.

ಯಾವ ಥರದ ಗುಂಡು ತುಂಬಬೇಕು?

ರಕ್ಷಣೆಗೆ ಮಾಡಿದ ಟೊಳ್ಳು ಮೂತಿಯ ಗುಂಡು, ಅಂದರೆ ಹಾಲೋ ಪಾಯಿಂಟ್. ಬಡಿದಾಗ ಮೂತಿ ಅಣಬೆಯ ಹಾಗೆ ಅರಳಿ ಗುಂಡನ್ನು ನಿಧಾನ ಮಾಡುತ್ತದೆ. ಇದರಿಂದ ಗುಂಡು ಆಚೆ ಕಡೆಯಿಂದ ಹೊರಬಿದ್ದು ಇನ್ನೊಬ್ಬರಿಗೆ ತಗಲುವ ಸಂಭವ ಕಡಿಮೆ. ಪೂರ್ತಿ ತಾಮ್ರದ ಹೊದಿಕೆ ಇರುವ ದುಂಡು ಮೂತಿಯ ಗುಂಡು ಅಭ್ಯಾಸಕ್ಕೆ ಸರಿ, ಮನೆಯೊಳಗೆ ಬೇಡ. ಕೆಲವು ದೇಶಗಳಲ್ಲಿ ಹಾಲೋ ಪಾಯಿಂಟ್‌ಗೆ ಅನುಮತಿ ಇಲ್ಲ, ಅದನ್ನು ನೋಡಿಕೊಳ್ಳಿ.

ಗುಂಡನ್ನು ಅಳೆಯುವ ರೀತಿ ಬದಲಾದದ್ದು ಒಂದು ದುರಂತದಿಂದ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಶುರುವಿನಲ್ಲೇ ತಗಲಿದ ಒಂದು 9 ಎಂಎಂ ಗುಂಡು ದರೋಡೆಕೋರನ ಎದೆಯೊಳಗೆ ಹೋದರೂ ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಆಮೇಲೂ ಅವನು ಹೋರಾಡುತ್ತಲೇ ಇದ್ದ. ಆಮೇಲೆ ಎಫ್‌ಬಿಐ ಹೊಸ ಪರೀಕ್ಷೆ ತಂದಿತು. ಜೆಲಟಿನ್ ಗಟ್ಟಿಯ ಮೇಲೆ ಹೊಡೆದಾಗ ಗುಂಡು ಕನಿಷ್ಠ 12 ಇಂಚು ಒಳಗೆ ಹೋಗಬೇಕು, 18 ಇಂಚು ದಾಟಬಾರದು. ಇವತ್ತಿಗೂ ಒಳ್ಳೆಯ ಕಂಪನಿಗಳು ಈ ಅಳತೆ ಇಟ್ಟುಕೊಂಡೇ ರಕ್ಷಣೆಯ ಗುಂಡು ಮಾಡುತ್ತವೆ. ಆ ಕಾಳಗವನ್ನು ಕೊನೆಗೆ ಮುಗಿಸಿದ್ದು ಒಬ್ಬ ಗಾಯಾಳು ಏಜೆಂಟರ ಕೈಯಲ್ಲಿದ್ದ .357 ರಿವಾಲ್ವರ್. ಅದರಲ್ಲಿ ಇದ್ದದ್ದು .38 ಸ್ಪೆಷಲ್ ಪ್ಲಸ್ ಪಿ ಗುಂಡುಗಳು.

ಆದ್ದರಿಂದ ಡಬ್ಬಿಯ ಮೇಲಿನ ಜೂಲ್ ಲೆಕ್ಕ ನೋಡಿ ಮರುಳಾಗಬೇಡಿ. 12ರಿಂದ 18 ಇಂಚಿನ ಒಳಗೆ ನಿಲ್ಲುತ್ತದಾ, ಅರಳುತ್ತದಾ, ನಿಮ್ಮ ಬ್ಯಾರೆಲ್ ಉದ್ದಕ್ಕೆ ಅದನ್ನು ಪರೀಕ್ಷಿಸಿದ್ದಾರಾ ಅನ್ನುವುದನ್ನು ನೋಡಿ. .38ರಲ್ಲಿ 158 ಗ್ರೇನ್‌ನ ಮೆತ್ತನೆ ಸೀಸದ ಹಾಲೋ ಪಾಯಿಂಟ್ ಪ್ಲಸ್ ಪಿ ಹಳೆಯದಾದರೂ ನಂಬಿಕಸ್ಥ. ಅದನ್ನು ಅಮೆರಿಕದಲ್ಲಿ ಎಫ್‌ಬಿಐ ಲೋಡ್ ಅಂತಲೇ ಕರೆಯುತ್ತಾರೆ. ಇತ್ತೀಚಿನ 130, 135 ಗ್ರೇನ್‌ನ ಗುಂಡುಗಳೂ ಚೆನ್ನಾಗಿವೆ. .357ರಲ್ಲಿ ಬಲ ಸ್ವಲ್ಪ ತಗ್ಗಿಸಿದ ರಕ್ಷಣೆಯ ಗುಂಡುಗಳು ಸಿಗುತ್ತವೆ. ಪೂರ್ತಿ ಮ್ಯಾಗ್ನಮ್‌ಗಿಂತ ಮನೆಗೆ ಅವೇ ಮೇಲು.

ಪ್ಲಸ್ ಪಿ ಅಂದರೆ ಏನು? ಯಾವ ರಿವಾಲ್ವರ್‌ನಲ್ಲೂ ಹಾಕಬಹುದಾ?

ಸಾಮಾನ್ಯಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡದ ಗುಂಡು. .357 ಅಂತ ಗುರುತಿರುವ ರಿವಾಲ್ವರ್‌ನಲ್ಲಿ .38 ಪ್ಲಸ್ ಪಿ ಧೈರ್ಯವಾಗಿ ಹಾಕಿ. ಬರೀ .38 ಸ್ಪೆಷಲ್ ರಿವಾಲ್ವರ್ ಆದರೆ ತಯಾರಕರು ಒಪ್ಪಿದ್ದಾರಾ ನೋಡಿ. ತುಂಬಾ ಹಳೆಯದರಲ್ಲಿ ಬೇಡ.

ಗುಂಡು ಗೋಡೆ ದಾಟುತ್ತದಾ?

ದಾಟುತ್ತದೆ. ಜಿಪ್ಸಮ್ ಹಲಗೆಯ ಗೋಡೆ, ಟೊಳ್ಳು ಬಾಗಿಲು, ತೆಳು ಪ್ಲೈವುಡ್ ಇವು ಯಾವ ರಕ್ಷಣೆಯ ಗುಂಡನ್ನೂ ತಡೆಯುವುದಿಲ್ಲ. .38 ಕೂಡ ಇಂಥ ಹಲವು ಪದರ ದಾಟುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಹಾಲೋ ಪಾಯಿಂಟ್ ಗೋಡೆಯಲ್ಲಿ ನಿಲ್ಲುತ್ತದೆ ಅಂತ. ನಿಲ್ಲುವುದಿಲ್ಲ. ಟೊಳ್ಳಿನೊಳಗೆ ಜಿಪ್ಸಮ್ ಪುಡಿ ತುಂಬಿಕೊಂಡರೆ ಮೂತಿ ಅರಳುವುದೇ ಇಲ್ಲ. ಆಮೇಲೆ ಅದು ಮಾಮೂಲಿ ಗುಂಡಿನ ಹಾಗೆಯೇ ಮುಂದೆ ಹೋಗುತ್ತದೆ. ಗಟ್ಟಿ ಇಟ್ಟಿಗೆ, ಕಾಂಕ್ರೀಟ್ ಗೋಡೆ ತಡೆಯುತ್ತದೆ. ಆದರೆ ಅಂಥ ಗೋಡೆಗೂ ಕಿಟಕಿ ಬಾಗಿಲು ಇರುತ್ತವೆ. ಗಟ್ಟಿ ಮೈಗೆ ಓರೆಯಾಗಿ ತಗಲಿದ ಗುಂಡು ಚಿಮ್ಮಿ ಬೇರೆ ಕಡೆಗೂ ಹೋಗಬಹುದು.

ಇದಕ್ಕೆ ಗುಂಡಿನಲ್ಲಿ ಪರಿಹಾರ ಹುಡುಕಬೇಡಿ. ಪುಡಿಯಾಗುವ ಗುಂಡು, ಹಗುರ ಗುಂಡು ಅಂತ ಮಾರುತ್ತಾರೆ. ಗೋಡೆ ದಾಟದಷ್ಟು ಮೆತ್ತಗಿರುವುದು ಅಪಾಯವನ್ನೂ ನಿಲ್ಲಿಸುವುದಿಲ್ಲ. ಪರಿಹಾರ ಇರುವುದು ನೀವು ನಿಲ್ಲುವ ಜಾಗದಲ್ಲಿ. ಹಗಲು ಹೊತ್ತಿನಲ್ಲಿ ಮನೆಯೊಳಗೆ ಓಡಾಡಿ ನೋಡಿ. ಮಲಗುವ ಕೋಣೆಯ ಯಾವ ಮೂಲೆಯಿಂದ ಬಾಗಿಲಿನ ಕಡೆ ನೋಡಿದರೆ ಹಿಂದೆ ಗಟ್ಟಿ ಗೋಡೆ ಇದೆ? ಮಕ್ಕಳ ಕೋಣೆ ಯಾವ ದಿಕ್ಕಿಗೆ? ಪಕ್ಕದ ಮನೆಯವರು ಮಲಗುವುದು ಎಲ್ಲಿ? ಯಾವ ದಿಕ್ಕಿಗೆ ಯಾವತ್ತೂ ಹೊಡೆಯುವಂತಿಲ್ಲ ಅನ್ನುವುದನ್ನು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿ.

ಮನೆಯೊಳಗೆ ಹಾರಿಸಿದರೆ ಕಿವಿಗೆ ಏನಾಗುತ್ತದೆ?

140 ಡೆಸಿಬೆಲ್ ಮೀರಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. .357 ಮ್ಯಾಗ್ನಮ್ 160 ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. .38 ಕೂಡ ಹಾನಿ ಮಾಡುತ್ತದೆ, ಆದರೆ ಇಷ್ಟಲ್ಲ. ಹೊರಗಿನ ಸಣ್ಣ ಸದ್ದನ್ನು ಕೇಳಿಸಿ, ಗುಂಡಿನ ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಕಿವಿಗವಸು ಪೆಟ್ಟಿಗೆಯ ಪಕ್ಕದಲ್ಲೇ ಇರಲಿ. ಹಾಕಿಕೊಳ್ಳಲು ಹೊತ್ತು ಸಿಕ್ಕರೆ ಹಾಕಿಕೊಳ್ಳಿ.

ಬೆರಳಿನ ಬಗ್ಗೆಯೂ ಒಂದು ಮಾತು. ಸಿಲಿಂಡರ್ ಮತ್ತು ಬ್ಯಾರೆಲ್ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಗುಂಡು ಹಾರುವಾಗ ಅಲ್ಲಿಂದ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತವೆ. ಪಿಸ್ತೂಲು ಹಿಡಿದು ಅಭ್ಯಾಸ ಇರುವವರು ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ರಿವಾಲ್ವರ್‌ನಲ್ಲಿ ಅದು ಬೇಡ. ದೊಡ್ಡ ಮ್ಯಾಗ್ನಮ್‌ಗಳಲ್ಲಿ ಬೆರಳೇ ಹೋಗಬಹುದು.

ಬಳಸಿದ ರಿವಾಲ್ವರ್ ಕೊಳ್ಳಬಹುದಾ?

ಕೊಳ್ಳಬಹುದು. ಖಾಲಿ ಮಾಡಿ, ಎರಡು ಸಲ ನೋಡಿ, ಆಮೇಲೆ ಪರೀಕ್ಷೆ ಶುರುಮಾಡಿ. ಟ್ರಿಗರ್ ನಿಧಾನವಾಗಿ ಎಳೆಯುತ್ತಾ ಹೋದರೆ ಹ್ಯಾಮರ್ ಬೀಳುವ ಮೊದಲು ಸಿಲಿಂಡರ್ ಟಕ್ ಅಂತ ಬೀಗ ಬೀಳಬೇಕು. ಸಿಲಿಂಡರ್‌ನ ಪ್ರತಿ ಕೋಣೆಗೂ, ಅಂದರೆ ಗುಂಡು ಕೂರುವ ಪ್ರತಿ ತೂತಿಗೂ ಹೀಗೆ ನೋಡಿ, ಒಂದರಲ್ಲಿ ತಪ್ಪಿದರೂ ಬೇಡ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ, ಆಟ ಜಾಸ್ತಿ ಇರಬಾರದು. ಬ್ಯಾರೆಲ್ ಜೊತೆಗಿನ ಸಂದು 0.1ರಿಂದ 0.25 ಮಿಲಿಮೀಟರ್ ಒಳಗೆ ಇದ್ದರೆ ಸರಿ. ಬ್ಯಾರೆಲ್‌ನ ಹಿಂಬದಿ ತುದಿಯನ್ನು ಟಾರ್ಚ್ ಹಾಕಿ ನೋಡಿ, ಬಿರುಕು ಕಂಡರೆ ಅಲ್ಲಿಗೇ ಬಿಡಿ. ಫ್ರೇಮಿನ ಮೇಲ್ಪಟ್ಟಿಯಲ್ಲಿ ಬೆಂಕಿ ಕೊರೆದ ಗೆರೆ ಸ್ವಲ್ಪ ಇದ್ದರೆ ಪರವಾಗಿಲ್ಲ.

ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ಗಳನ್ನು ಈ ಕೆಲಸಕ್ಕೆ ತರಬೇಡಿ. ಅವುಗಳಲ್ಲಿ ಹ್ಯಾಮರ್ ನೇರವಾಗಿ ಗುಂಡಿನ ಮೇಲೆ ಕೂತಿರುತ್ತದೆ. ಕೆಳಗೆ ಬಿದ್ದರೆ ಹಾರಬಹುದು. ಅದಕ್ಕೇ ಹಿಂದಿನವರು ಒಂದು ಕೋಣೆ ಖಾಲಿ ಬಿಡುತ್ತಿದ್ದರು. ಹ್ಯಾಮರ್‌ಗೂ ಗುಂಡಿಗೂ ನಡುವೆ ತಡೆ ಇರುವ ಈಗಿನ ಡಬಲ್ ಆ್ಯಕ್ಷನ್‌ಗಳಲ್ಲಿ ಈ ಭಯವಿಲ್ಲ.

ಅಭ್ಯಾಸ ಹೇಗೆ ಮಾಡಬೇಕು?

ಹೆಚ್ಚಿನದು ಖಾಲಿ ರಿವಾಲ್ವರ್‌ನಲ್ಲಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್‌ನಲ್ಲಿ ಡಮ್ಮಿ ಗುಂಡು ಹಾಕಿ, ಗಟ್ಟಿ ಗೋಡೆಯ ಕಡೆ ತಿರುಗಿ ಡಬಲ್ ಆ್ಯಕ್ಷನ್ ಎಳೆತ ಮಾಡಿ. ಮುಂದಿನ ಗುರಿಕಡ್ಡಿ ಅಲ್ಲಾಡದೆ ಹ್ಯಾಮರ್ ಬೀಳಬೇಕು. ಇದು ಬೇಸರದ ಕೆಲಸ, ಆದರೆ ರಿವಾಲ್ವರ್ ಕಲಿಯುವುದೇ ಇದರಲ್ಲಿ.

ರೇಂಜ್‌ನಲ್ಲಿ ತರಬೇತುದಾರರ ಎದುರು ಹೊಡೆಯಿರಿ. ದೂರ ಐದರಿಂದ ಏಳು ಮೀಟರ್ ಸಾಕು, ಮನೆಯೊಳಗೆ ಅದಕ್ಕಿಂತ ಜಾಸ್ತಿ ದೂರ ಎಲ್ಲಿರುತ್ತದೆ? ಒಂದು ಸಲಕ್ಕೆ ಎರಡೆರಡು ಗುಂಡು. ಎರಡೂ ಅಂಗೈ ಅಗಲದೊಳಗೆ ಬೀಳುವ ವೇಗವೇ ನಿಮ್ಮ ವೇಗ. ಮ್ಯಾಗ್ನಮ್ ಹಾಕಿದಾಗ ಎರಡನೆಯದು ಚದುರಿ, .38 ಹಾಕಿದಾಗ ಕೂಡಿಕೊಂಡರೆ, ಯಾವುದನ್ನು ತುಂಬಬೇಕು ಅನ್ನುವುದು ಅಲ್ಲೇ ಗೊತ್ತಾಯಿತು. ಅಭ್ಯಾಸಕ್ಕೆ ಅಗ್ಗದ ಗುಂಡು ಬಳಸಿ. ಆದರೆ ಮನೆಯಲ್ಲಿ ತುಂಬುವ ಗುಂಡನ್ನೂ ಅದೇ ರಿವಾಲ್ವರ್‌ನಲ್ಲಿ ಕೆಲವು ಸಿಲಿಂಡರ್ ಹಾರಿಸಿ ನೋಡಲೇಬೇಕು. ಗುರಿಕಡ್ಡಿ ಸ್ಥಿರವಾಗಿರುವ ರಿವಾಲ್ವರ್‌ಗಳಲ್ಲಿ ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಮೇಲೆ ಕೆಳಗೆ ಆಗುತ್ತದೆ. ಹಗುರ ರಿವಾಲ್ವರ್‌ನಲ್ಲಿ ಬಲವಾದ ಗುಂಡು ಹಾಕಿದಾಗ ಒದೆತಕ್ಕೆ ಪಕ್ಕದ ತೋಟಾಗಳ ಸೀಸ ಮುಂದಕ್ಕೆ ಜಾರಿ ಸಿಲಿಂಡರ್ ಸಿಕ್ಕಿಕೊಳ್ಳುವುದೂ ಉಂಟು.

ಒಂದು ಗುಂಡಿನ ಸದ್ದು ಪುಸ್ ಅಂತ ಸಣ್ಣಗೆ ಕೇಳಿಸಿದರೆ ತಕ್ಷಣ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲೇ ಉಳಿದಿರಬಹುದು. ಇನ್ನೊಂದು ಹೊಡೆದರೆ ಬ್ಯಾರೆಲ್ ಸೀಳುತ್ತದೆ.

ಮಕ್ಕಳಿರುವ ಮನೆ. ಎಲ್ಲಿ ಇಡಲಿ?

ಬೀಗದೊಳಗೆ. ಎತ್ತರದ ಕಪಾಟು, ದಿಂಬಿನ ಅಡಿ, ಬಟ್ಟೆಯ ಕೆಳಗೆ ಇವು ಯಾವುವೂ ಬಚ್ಚಿಡುವ ಜಾಗಗಳಲ್ಲ. ಮನೆಯಲ್ಲಿ ಏನೆಲ್ಲಿದೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ. ಗಟ್ಟಿ ಟ್ರಿಗರ್ ಇದೆ, ಮಗುವಿಗೆ ಎಳೆಯಲು ಆಗುವುದಿಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಸಣ್ಣ ಮಕ್ಕಳು ರಿವಾಲ್ವರ್‌ನ ಬಾಯಿಯನ್ನು ತಮ್ಮ ಕಡೆಗೆ ತಿರುಗಿಸಿ ಎರಡೂ ಹೆಬ್ಬೆರಳಿನಿಂದ ಟ್ರಿಗರ್ ಒತ್ತಬಲ್ಲರು. ದಯವಿಟ್ಟು ಆ ನಂಬಿಕೆ ಬಿಡಿ.

ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ ಬಿಗಿದ ಸಣ್ಣ ಉಕ್ಕಿನ ಪೆಟ್ಟಿಗೆ ತಗೊಳ್ಳಿ. ಒತ್ತುಗುಂಡಿಯ ಮೆಕ್ಯಾನಿಕಲ್ ಬೀಗ ಆದರೆ ಬ್ಯಾಟರಿಯ ಚಿಂತೆ ಇಲ್ಲ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ತೆರೆಯುವುದನ್ನು ಅಭ್ಯಾಸ ಮಾಡಿ. ಕೆಲವು ಸೆಕೆಂಡು ಸಾಕು. ಮನೆಯಲ್ಲಿ ಯಾರೂ ಇಲ್ಲದಾಗ, ಅಥವಾ ದೂರ ಹೋಗುವಾಗ, ಗುಂಡು ತೆಗೆದು ಬೇರೆ ಬೀಗದಲ್ಲಿಡಿ. ತೆರೆದ ಸಿಲಿಂಡರ್ ಜಾಗದಲ್ಲಿ ಕೇಬಲ್ ಬೀಗ ಹಾಯಿಸಿ.

ಇನ್ನೊಂದು ಮಾತು ಹೇಳಲೇಬೇಕು. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಬದುಕು ಸಾಕು ಅನ್ನುವ ಮಾತಾಡಿದ್ದರೆ, ಕುಡಿತಕ್ಕೆ ಬಿದ್ದಿದ್ದರೆ, ಮರೆವು ರೋಗ ಶುರುವಾಗಿದ್ದರೆ, ಸದ್ಯಕ್ಕೆ ಆ ಮನೆಯಲ್ಲಿ ರಿವಾಲ್ವರ್ ಬೇಡ. ಕಾನೂನು ಒಪ್ಪುವ ಬೇರೆ ಕಡೆ ಇಡಿಸಿ. ಆ ವ್ಯಕ್ತಿ ನೀವೇ ಆಗಿದ್ದರೂ ಇದೇ ಮಾತು. ಆ ಕೆಟ್ಟ ಗಳಿಗೆ ಬೇಗ ದಾಟಿಹೋಗಬಹುದು, ಆದರೆ ಕೈಗೆ ಬಂದೂಕು ಸಿಕ್ಕರೆ ದಾಟಲು ಬಿಡುವುದಿಲ್ಲ.

ರಾತ್ರಿ ಸದ್ದು ಕೇಳಿದರೆ ಹೋಗಿ ನೋಡಬೇಕಾ?

ಬೇಡ. ಮನೆಯವರನ್ನು ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಪೊಲೀಸರಿಗೆ ಫೋನ್ ಮಾಡಿ. ಬಾಗಿಲಿನ ಕಡೆ ಮುಖ ಮಾಡಿ ಕಾಯಿರಿ. ಹುಡುಕುತ್ತಾ ಹೋಗುವವರಿಗೆ ಪ್ರತಿ ಮೂಲೆಯೂ ಅಪಾಯ. ಕದ್ದ ವಸ್ತುವಿಗಾಗಿ ಗುಂಡು ಹಾರಿಸಲು ಎಲ್ಲಾ ಕಾನೂನೂ ಬಿಡುವುದಿಲ್ಲ, ಬಿಟ್ಟರೂ ಅದು ಮಾಡುವ ಕೆಲಸವಲ್ಲ.

ಕೈಯಲ್ಲಿ ಹಿಡಿಯುವ ಬೇರೆ ಟಾರ್ಚ್ ಇರಲಿ. ರಿವಾಲ್ವರ್‌ಗೇ ಕಟ್ಟಿದ ದೀಪದಿಂದ ಹುಡುಕಿದರೆ ನೋಡುವ ಪ್ರತಿಯೊಬ್ಬರ ಮೇಲೂ ಬಾಯಿ ತಿರುಗುತ್ತದೆ. ತಡವಾಗಿ ಬಂದ ಮಗಳು, ನೀರು ಕುಡಿಯಲು ಎದ್ದ ಅಜ್ಜ, ದಾರಿ ತಪ್ಪಿದ ಪಕ್ಕದ ಮನೆಯವರು ಯಾರೂ ಆಗಿರಬಹುದು. ಮುಖ ಕಾಣದೆ, ಯಾರು ಅಂತ ಕೂಗಿ ಕೇಳದೆ, ಟ್ರಿಗರ್ ಮೇಲೆ ಬೆರಳು ಹೋಗಬಾರದು.

ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತದಾ? ಗುಂಡು ಎಷ್ಟು ವರ್ಷ ಬರುತ್ತದೆ?

ರಿವಾಲ್ವರ್‌ನ ಸಿಲಿಂಡರ್‌ನಲ್ಲಿ ಗುಂಡು ಕೂತಿದ್ದರೆ ಯಾವ ಸ್ಪ್ರಿಂಗ್ ಮೇಲೂ ಹೊರೆ ಇಲ್ಲ. ಒಳ್ಳೆಯ ಕಾರ್ಖಾನೆ ಗುಂಡು ತಂಪಾದ, ಒಣ ಜಾಗದಲ್ಲಿ ಹತ್ತಾರು ವರ್ಷ ಕೆಡುವುದಿಲ್ಲ. ಬೆವರು, ತೇವ, ಎಣ್ಣೆ ಇವೇ ಶತ್ರುಗಳು. ರಿವಾಲ್ವರ್‌ಗೆ ಎಣ್ಣೆ ಹಾಕಿದ ಮೇಲೆ ಸಿಲಿಂಡರ್ ಕೋಣೆಗಳನ್ನು ಒರೆಸಿ ಒಣಗಿಸಿಯೇ ಗುಂಡು ತುಂಬಿ. ಒಳನುಗ್ಗುವ ತೆಳು ಎಣ್ಣೆ ತೋಟಾದ ಹಿಂಭಾಗದ ಪ್ರೈಮರ್‌ನೊಳಗೆ ಇಳಿದು ಅದನ್ನು ಕೆಡಿಸಬಹುದು.

.357ರಲ್ಲಿ .38 ತುಂಬಾ ಹಾರಿಸಿದರೆ ಕೋಣೆಯೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ .357 ತೋಟಾ ಬಿಗಿಯಾಗುತ್ತದೆ, ಖೋಕಾ ಹೊರಗೆ ಬರಲು ಹಟಮಾಡುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ಹೋಗುತ್ತದೆ. ಖೋಕಾ ಹೊರತಳ್ಳುವ ನಕ್ಷತ್ರದ ಅಡಿಯನ್ನೂ ಪ್ರತಿ ಸಲ ಬ್ರಷ್‌ನಿಂದ ಒರೆಸಿ. ಸುಡದ ಮದ್ದಿನ ಒಂದು ಕಾಳು ಅಲ್ಲಿ ಸಿಕ್ಕಿದರೂ ಸಿಲಿಂಡರ್ ಮುಚ್ಚುವುದು, ತಿರುಗುವುದು ಕಷ್ಟವಾಗುತ್ತದೆ. ರಕ್ಷಣೆಗೆ ಇಟ್ಟ ಗುಂಡುಗಳನ್ನು ವರ್ಷಕ್ಕೊಮ್ಮೆ ರೇಂಜ್‌ನಲ್ಲಿ ಹಾರಿಸಿ, ಹೊಸದನ್ನು ತುಂಬಿ. ಹಸಿರು ಕಟ್ಟಿದ, ತಗ್ಗುಬಿದ್ದ, ಸೀಸ ಅಲ್ಲಾಡುವ ಗುಂಡುಗಳನ್ನು ಹಾರಿಸಬೇಡಿ, ಕಸಕ್ಕೂ ಹಾಕಬೇಡಿ. ಅವನ್ನು ರೇಂಜ್‌ನವರಿಗೋ ಪೊಲೀಸರಿಗೋ ಒಪ್ಪಿಸಿ.